ಮಳೆ ಬಂದರೂ ಹೊಳೆ ಬರುವುದಿಲ್ಲವೇಕೆ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನದಿಗಳನ್ನು ಕುರಿತವೇ ಆಗಿದ್ದುದರಿಂದ, ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಐದು ಪತ್ರಗಳಿಗೆ ಮಾತ್ರ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದರ ಉತ್ತರ ಮನಸ್ಸಿಗೆ ನಾಟಿದರೆ ಉಳಿದವುಗಳ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ: ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಅರ್ಕಾವತಿಯ ಪಾತ್ರಕ್ಕೆ ಹೊಂದಿಕೊಂಡಿದೆ. ನಮ್ಮ ತಂದೆಯವರ ಕಾಲದಲ್ಲಿ ಹಿಂಗಾರು ಮುಗಿದ ಮೇಲೂ ಸಂಕ್ರಾಂತಿಯವರೆಗೆ ನೀರು ಹರಿಯುತ್ತಿತ್ತಂತೆ. ಈಗ ಜೋರು ಮಳೆ ಬಿದ್ದ ಮೂರನೆಯ ದಿನಕ್ಕೆ ಹೊಳೆ ಒಣಗಿರುತ್ತದೆ. ಹವಾಮಾನ ಕೆಟ್ಟು ಮಳೆ ಕಡಿಮೆಯಾದದ್ದೇ ಕಾರಣವೆಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಉತ್ತರ: ಅರ್ಕಾವತಿಯ ಮಟ್ಟಿಗೆ ಇದು ನಿಜವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಹಾಗೆ ಹೇಳಲು ಸಾಧ್ಯವಾಗಿರುವುದು ಈ ನದಿಗೆ ಲೆಕ್ಕದ ಪುಸ್ತಕವೊಂದು ಇರುವುದರಿಂದ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರ ಹೊತ್ತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ಕೊಳಾಯಿಯ ನೀರು ಕೊಟ್ಟರು. ಅದು ಸಾಲದೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವನ್ನು ನಿರ್ಮಿಸಿದರು. ಈ ಜಲಾಶಯಕ್ಕೆ 1975ಕ್ಕಿಂತ ಮುಂಚೆ ಸರಾಸರಿ ದಿನಕ್ಕೆ ಸುಮಾರು 38.5 ಕೋಟಿ ಲೀಟರ್ ನೀರು ಬರುತ್ತಿತ್ತು. 2000ದ ನಂತರ ಅದು ಸುಮಾರು 6.5 ಕೋಟಿ ಲೀಟರಿಗೆ ಇಳಿಯಿತು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಈ ಕುಸಿತಕ್ಕೆ ಕಾರಣವೆಂದು ಜನ ಹೇಳುವ ಸಂಗತಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಳೆಯ ಒಟ್ಟು ಪ್ರಮಾಣ, ಅದು ಬೀಳುವ ತಿಂಗಳುಗಳು, ಅದರ ಬಿರುಸು ಇವು ಯಾವುದರಲ್ಲಿಯೂ ನದಿಯನ್ನು ಒಣಗಿಸುವಷ್ಟು ಬದಲಾವಣೆ ಕಾಣಲಿಲ್ಲ. ತಾಪಮಾನ ಏರಿದ್ದರಿಂದ ಹೆಚ್ಚಿದ ಆವಿಯೂ ಇಷ್ಟು ದೊಡ್ಡ ಕೊರತೆಯನ್ನು ವಿವರಿಸಲಾರದು. ಕೊನೆಗೆ ಉಳಿದವು ಕೊಳವೆಬಾವಿ ಮತ್ತು ನೀಲಗಿರಿ ತೋಪು. ಇವುಗಳಿಗಿಂತ ಕಡಿಮೆ ಪ್ರಮಾಣದಲ್ಲಿ, ಹಳ್ಳಗಳಿಗೆ ಅಡ್ಡಲಾಗಿ ಎದ್ದ ಚೆಕ್‌ಡ್ಯಾಮುಗಳು ಮತ್ತು ಇತರ ತಡೆಗಳು.

ಮಳೆ ಹೆಚ್ಚುಕಡಿಮೆ ಅಷ್ಟೇ ಇದ್ದು ನದಿ ಆರರಲ್ಲಿ ಒಂದು ಪಾಲಿಗೆ ಇಳಿದದ್ದು ಹೇಗೆ ಎಂಬುದಕ್ಕೆ ಒಂದು ಮನೆಲೆಕ್ಕ ಹಾಕೋಣ. ತಿಪ್ಪಗೊಂಡನಹಳ್ಳಿಯವರೆಗಿನ ಜಲಾನಯನ ಪ್ರದೇಶ ಸುಮಾರು 1,450 ಚದರ ಕಿಲೋಮೀಟರ್. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಈ ಎರಡನ್ನು ಗುಣಿಸಿ ನೋಡಿದರೆ, ಹಿಂದೆ ಬಿದ್ದ ಪ್ರತಿ ನೂರು ಹನಿಯಲ್ಲಿ ಹನ್ನೆರಡು ಮಾತ್ರ ಜಲಾಶಯವನ್ನು ತಲುಪುತ್ತಿದ್ದವು. ಈಗ ತಲುಪುವುದು ಎರಡು. ಒಳ್ಳೆಯ ಕಾಲದಲ್ಲಿಯೂ ಎಂಬತ್ತೆಂಟು ಹನಿಗಳು ಬೆಳೆ, ಮರ, ಹುಲ್ಲು, ಮಣ್ಣುಗಳ ಮೂಲಕ ಆವಿಯಾಗಿ ಅಥವಾ ಬಳಕೆಯಾಗಿ ಹೋಗುತ್ತಿದ್ದವು. ನೂರು ರೂಪಾಯಿ ಸಂಬಳದಲ್ಲಿ ಎಂಬತ್ತೆಂಟು ಖರ್ಚಾಗಿ ಹನ್ನೆರಡು ಉಳಿಯುವ ಸಂಸಾರವನ್ನು ನೆನೆಯಿರಿ. ಖರ್ಚು ಹತ್ತೇ ರೂಪಾಯಿ ಏರಿದರೆ ಸಂಬಳ ಕಡಿತವಾಗದಿದ್ದರೂ ಉಳಿತಾಯ ಎರಡೇ ರೂಪಾಯಿಗೆ ಇಳಿಯುತ್ತದೆ. ಬಯಲುಸೀಮೆಯ ನದಿಯೆಂದರೆ ನೆಲದ ಉಳಿತಾಯ. ನಾವು ಸಂಬಳದ ಕಡೆ, ಅಂದರೆ ಆಕಾಶದ ಕಡೆ ನೋಡುತ್ತಲೇ ಇದ್ದೆವು. ಖರ್ಚಿನ ಪಟ್ಟಿಯನ್ನು ನೋಡಲಿಲ್ಲ.

ಆ ಖರ್ಚು ಏರಿದ ಬಗೆ ಹೀಗೆ. ನಿಮ್ಮ ಭಾಗದ ನೆಲದಡಿಯಲ್ಲಿರುವುದು ಗಟ್ಟಿ ಬಂಡೆ. ಅದರ ಮೇಲೆ ಕೆಲವು ಮಾರು ಆಳದವರೆಗೆ ಶಿಥಿಲಗೊಂಡ ಕಲ್ಲು-ಮಣ್ಣಿನ ಪದರವಿದೆ. ಮುಂಗಾರು ಮತ್ತು ಹಿಂಗಾರಿನ ನೀರು ಈ ಪದರದಲ್ಲಿ ತುಂಬಿ ನಿಂತು, ತಗ್ಗಿನತ್ತ ಮೆಲ್ಲಗೆ ಸರಿದು, ಹಳ್ಳದ ದಂಡೆಯಲ್ಲಿ ಒರತೆಯಾಗಿ ಜಿನುಗುತ್ತಿತ್ತು. ಹೊಳೆಯ ಮರಳಿನಲ್ಲಿ ಮೊಣಕಾಲುದ್ದ ತೋಡಿದರೆ ನೀರು ಬರುತ್ತಿದ್ದದ್ದು, ಕೆರೆಯಂಗಳದ ತಲಪರಿಗೆಗಳು, ಅಂದರೆ ಒರತೆಯ ಗುಂಡಿಗಳು, ಬೇಸಿಗೆಯಲ್ಲಿಯೂ ಬತ್ತದೆ ಇದ್ದದ್ದು ಇದೇ ನೀರಿನಿಂದ. ನಿಮ್ಮ ತಂದೆಯವರು ಸಂಕ್ರಾಂತಿಯಲ್ಲಿ ನೋಡಿದ ಹರಿವು ಪುಷ್ಯದ ಮಳೆಯದಲ್ಲ, ಆಶ್ವಯುಜ-ಕಾರ್ತಿಕದ ಮಳೆಯನ್ನು ನೆಲ ತಡೆದು ತಡೆದು ಬಿಟ್ಟದ್ದು. ತೆರೆದ ಬಾವಿಗಳಿದ್ದ ಕಾಲದಲ್ಲಿ ಬಾವಿಯ ತಳಕ್ಕಿಂತ ಕೆಳಗಿನ ನೀರು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಕೊಳವೆಬಾವಿ ಬಂದ ಮೇಲೆ ಆ ಮಿತಿ ಹೋಯಿತು. ಮೇಲಿನ ಪದರ ಮೊದಲು ಖಾಲಿಯಾಯಿತು, ಆಮೇಲೆ ಬಂಡೆಯ ಬಿರುಕುಗಳ ನೀರಿಗೆ ಕೈಹಾಕಿದೆವು. ಈಗ ನಿಮ್ಮ ಸುತ್ತಮುತ್ತ ಸಾವಿರ ಅಡಿಗೂ ಮೀರಿ ಕೊರೆಯುತ್ತಾರೆ. ನೀರಿನ ಮಟ್ಟ ಹೊಳೆಯ ತಳಕ್ಕಿಂತ ಕೆಳಗೆ ಹೋದ ದಿನವೇ ಹೊಳೆಯ ದಿಕ್ಕು ತಿರುಗಿತು ಎನ್ನಬೇಕು: ನೆಲ ಹೊಳೆಗೆ ನೀರು ಕೊಡುವ ಬದಲು, ಹೊಳೆಯೇ ನೆಲಕ್ಕೆ ಇಂಗಿಹೋಗತೊಡಗಿತು.

ನೀಲಗಿರಿಯ ಕಥೆ ಬೇರೆ. ರಾಗಿ ನಾಲ್ಕು ತಿಂಗಳ ಬೆಳೆ. ಉಳಿದ ಎಂಟು ತಿಂಗಳು ಆ ಹೊಲ ಹೆಚ್ಚು ನೀರು ಕುಡಿಯುವುದಿಲ್ಲ. ನೀಲಗಿರಿ ವರ್ಷವಿಡೀ ಹಸಿರಾಗಿದ್ದು, ಮಣ್ಣಿನ ಆಳಕ್ಕೆ ಬೇರಿಳಿಸಿ ಹೀರುತ್ತದೆ. ಹೊಸಕೋಟೆಯ ಬಳಿ ನಡೆದ ಅಧ್ಯಯನವೊಂದು, ರೈತರ ಹೊಲದಲ್ಲಿ ಬೆಳೆಸಿದ ನೀಲಗಿರಿ ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿತ್ತೆಂದು 1990ರ ದಶಕದಲ್ಲಿಯೇ ತೋರಿಸಿತ್ತು; ಹೆಚ್ಚಿನದು ಹಿಂದಿನ ವರ್ಷಗಳಲ್ಲಿ ಆಳದ ಮಣ್ಣಿನಲ್ಲಿ ಕೂಡಿಟ್ಟಿದ್ದ ತೇವ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ಕೂಲಿಯಾಳು ಸಿಗದ ರೈತ, ನೋಡಿಕೊಳ್ಳುವ ಕೆಲಸವಿಲ್ಲದ ಈ ಮರವನ್ನು ನೆಟ್ಟದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಬೆಲೆ ತೆತ್ತದ್ದು ಹೊಳೆ ಎಂಬುದನ್ನು ಮರೆಮಾಚಲೂ ಆಗದು.

ಹಾಗೆಂದು ಹವಾಮಾನವನ್ನು ನಿರ್ಲಕ್ಷಿಸುವಂತಿಲ್ಲ. ಉಳಿತಾಯ ಕಿರಿದಾದಷ್ಟೂ ಸಂಬಳದ ಏರಿಳಿತದ ಪೆಟ್ಟು ದೊಡ್ಡದು. ಒಣ ಪ್ರದೇಶಗಳಲ್ಲಿ ಮಳೆ ಶೇಕಡಾ 10ರಷ್ಟು ಕಡಿಮೆಯಾದರೆ ನದಿಯ ಹರಿವು ಶೇಕಡಾ 20ರಿಂದ 30ರಷ್ಟು ಕುಸಿಯುವುದು ಸಾಮಾನ್ಯ. ಇನ್ನೊಂದು ಮಾತು. ಕೆರೆಯ ಹೂಳೆತ್ತಿದರೆ ಹೊಳೆ ಮರಳಿ ಬರುತ್ತದೆಯೇ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕೆರೆ ತುಂಬುವುದು ಬಾವಿಗೆ ಒಳ್ಳೆಯದು, ಊರಿಗೆ ಒಳ್ಳೆಯದು. ಆದರೆ ನೂರಾರು ಅಡಿ ಕೆಳಗಿಳಿದ ನೀರಿನ ಮಟ್ಟವು ಮತ್ತೆ ಹೊಳೆಯ ತಳದವರೆಗೆ ಏರದೆ ಒರತೆ ಹುಟ್ಟುವುದಿಲ್ಲ. ಎತ್ತುವುದನ್ನು ಕಡಿಮೆ ಮಾಡದೆ ಇಂಗಿಸುವುದರಿಂದ ಮಾತ್ರ ಅದು ಏರುವುದಿಲ್ಲ. ಈ ಮಾತನ್ನು ರೈತರ ಸಭೆಗಳಲ್ಲಿ ಹೇಳುವುದು ಕಷ್ಟವೆಂದು ನನಗೆ ಗೊತ್ತು, ಆದರೂ ಹೇಳಲೇಬೇಕು.

ಪ್ರಶ್ನೆ: ಮೇಲಿನ ಅರ್ಕಾವತಿ ಬತ್ತಿದೆ ಎನ್ನುತ್ತಾರೆ. ಆದರೆ ಬಿಡದಿಯ ಕಡೆ ನಮ್ಮ ವೃಷಭಾವತಿಯಲ್ಲಿ ಏಪ್ರಿಲ್ ತಿಂಗಳಲ್ಲಿಯೂ ನೀರಿಗೆ ಬರವಿಲ್ಲ. ನೊರೆ ಮತ್ತು ದುರ್ನಾತವೂ ಹಾಗೆಯೇ. ಈ ನೀರು ಎಲ್ಲಿಂದ ಬರುತ್ತದೆ? ಇದರಲ್ಲಿ ತರಕಾರಿ ಬೆಳೆಯಬಹುದೇ?

ಉತ್ತರ: ನಿಮ್ಮೂರಿನ ಮುಂದೆ ಏಪ್ರಿಲಿನಲ್ಲಿ ಹರಿಯುವ ನೀರಿನ ಬಹುಪಾಲು ಕಾವೇರಿಯದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಕಾವೇರಿಯನ್ನು ಬೆಂಗಳೂರಿಗೆ ತರುವ ಕೆಲಸ 1974ರಲ್ಲಿ ಆರಂಭವಾಯಿತು. ನಾಲ್ಕು ಹಂತಗಳಲ್ಲಿ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರಿನದು. ಮನೆಗೆ ಬಂದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಬೆಂಗಳೂರು ದಿಬ್ಬದ ಮೇಲಿರುವ ಊರಾದ್ದರಿಂದ ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಗೂ, ಪಶ್ಚಿಮಕ್ಕೆ ಇಳಿದದ್ದು ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಗೂ ಸೇರುತ್ತದೆ. ಅದು ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಗೆ, ಅಲ್ಲಿಂದ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಮತ್ತೆ ಕಾವೇರಿಗೆ ಬೀಳುತ್ತದೆ. ಹೀಗೆ ಒಂದೇ ನದಿಯ ಮೇಲ್ಭಾಗ ನೀರಿಲ್ಲದೆಯೂ ಕೆಳಭಾಗ ಕೊಳಚೆಯಿಂದಲೂ ಸತ್ತಿದೆ. ಎರಡಕ್ಕೂ ಕಾರಣ ನೆಲದ ಬಳಕೆ.

ಈ ಎರಡು ಸಾವುಗಳಿಗೆ ಒಂದು ನಂಟಿದೆ. ನದಿಗೆ ತನ್ನದೇ ಸ್ವಚ್ಛ ನೀರಿದ್ದಾಗ ಸೇರಿದ ಕೊಳೆ ತೆಳುವಾಗುತ್ತದೆ, ಹರಿವಿನಲ್ಲಿ ಕಲೆತ ಗಾಳಿಯಿಂದ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತವೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಮತ್ತು ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕ 3 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. 20 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಸುತ್ತದೆ. 30 ಡಿಗ್ರಿಯಲ್ಲಿ 7.5ರ ಆಸುಪಾಸು ಮಾತ್ರ. ಬೇಸಿಗೆಯಲ್ಲಿ ಹರಿವು ಕುಗ್ಗುತ್ತದೆ, ನೀರು ಕಾಯುತ್ತದೆ, ಸೂಕ್ಷ್ಮಜೀವಿಗಳ ಹಸಿವು ಹೆಚ್ಚುತ್ತದೆ. ಮೂರೂ ಒಟ್ಟಿಗೆ ಬಂದಾಗ ಆಮ್ಲಜನಕ ತೀರಿ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಮುಂಗಾರಿನ ಮೊದಲ ಮಳೆಗೆ ಕೆರೆಗಳಲ್ಲಿ ಮೀನು ಸತ್ತು ತೇಲುವುದೂ ಇದೇ ಕಾರಣಕ್ಕೆ: ಆ ಮಳೆ ಬೀದಿಯ ಕಸವನ್ನೂ ತಳದ ರಾಡಿಯನ್ನೂ ಒಮ್ಮೆಲೇ ನೀರಿಗೆ ಕದಡುತ್ತದೆ. ನೀವು ಕೇಳಿದ ನೊರೆ ಸಾಬೂನು ಪುಡಿಗಳಲ್ಲಿರುವ ರಾಸಾಯನಿಕಗಳದು. ನೀರು ಕಟ್ಟೆಯ ಮೇಲಿಂದ ಧುಮುಕಿದಾಗ ಉಕ್ಕುತ್ತದೆ.

ಬೆಳೆಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ. ಸೊಪ್ಪು, ಮೂಲಂಗಿ, ಗಡ್ಡೆಕೋಸು, ಹಸಿಯಾಗಿ ತಿನ್ನುವ ಯಾವುದನ್ನೂ ಈ ನೀರಿನಲ್ಲಿ ಬೆಳೆಯಬೇಡಿ. ಮನೆಯ ಕೊಳಚೆಯ ಜೊತೆ ಕಾರ್ಖಾನೆಗಳ ತ್ಯಾಜ್ಯವೂ ಸೇರುವ ಕಡೆ ಭಾರಲೋಹಗಳು ಮಣ್ಣಿನಲ್ಲಿ ವರ್ಷ ವರ್ಷ ಕೂಡುತ್ತಾ ಹೋಗುತ್ತವೆ. ಹಸುವಿನ ಮೇವಿನ ಮೂಲಕ ಹಾಲಿಗೂ ಬರಬಲ್ಲವು. ಹೊಳೆಯ ಪಕ್ಕದ ಬಾವಿಯ ನೀರನ್ನು ಕುಡಿಯುವ ಮುನ್ನ ನೈಟ್ರೇಟ್ ಪರೀಕ್ಷೆ ಮಾಡಿಸಿ. ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಅದು, ವಿಶೇಷವಾಗಿ ಎಳೆಯ ಕೂಸುಗಳಿಗೆ, ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಬತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು. ಆಗಸ್ಟಿನಲ್ಲಿ ಗುಡ್ಡ ಕುಸಿಯುವಷ್ಟು ಮಳೆ, ಮಾರ್ಚಿನಲ್ಲಿ ತೋಡಿನಲ್ಲಿ ನೀರಿಲ್ಲ. ಕಾವೇರಿ ಬತ್ತಿದಾಗಲೆಲ್ಲ ಕಾಫಿ ತೋಟದವರ ಕಡೆ ಬೆರಳು ತೋರಿಸುತ್ತಾರೆ. ಇದು ನ್ಯಾಯವೇ?

ಉತ್ತರ: ಅರ್ಧ ನ್ಯಾಯ, ಅರ್ಧ ಅನ್ಯಾಯ. ನಿಮ್ಮ ಮಲೆನಾಡಿನಲ್ಲಿ ಆಕಾಶದ ಪಾತ್ರ ದೊಡ್ಡದು. ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲದು. ಅರಬ್ಬೀ ಸಮುದ್ರ ಕಾಯುತ್ತಿರುವಾಗ ಆ ತೇವ ಕೆಲವೇ ದಿನಗಳಲ್ಲಿ ಧೋ ಎಂದು ಸುರಿಯುವ ಸಂಭವ ಹೆಚ್ಚುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವಿಸ್ತಾರ ಪ್ರದೇಶದ ಅತಿವೃಷ್ಟಿಗಳು ಮೂರು ಪಟ್ಟಾಗಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ನಮ್ಮಲ್ಲಿಯೂ ಏರಿಳಿತ ಎಷ್ಟೆಂದು ನೋಡಿ: 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು, ಎರಡೇ ವರ್ಷಗಳ ಬಳಿಕ, 2025ರಲ್ಲಿ, ಕೃಷ್ಣರಾಜಸಾಗರ ಜೂನ್ ತಿಂಗಳಲ್ಲಿಯೇ 124.80 ಅಡಿ ತುಂಬಿತು.

ಆದರೆ ಬಿದ್ದ ಮಳೆ ನೆಲದಲ್ಲಿ ನಿಲ್ಲುವುದೋ ಓಡುವುದೋ ಎಂಬುದನ್ನು ನಿರ್ಧರಿಸುವವರು ನೀವು. ಕಾಡುಮರಗಳ ನೆರಳಿನ ಹಳೆಯ ಬಗೆಯ ತೋಟದಲ್ಲಿ ತರಗೆಲೆಯ ಹೊದಿಕೆ, ಎರೆಹುಳು, ಬೇರುಗಳ ಸಂದುಗಳಿಂದಾಗಿ ಮಣ್ಣು ಸ್ಪಂಜಿನಂತೆ ನೀರನ್ನು ಹೀರುತ್ತದೆ. ಅಂಥ ತೋಟ ನದಿಯ ವೈರಿಯಲ್ಲ. ಬೋಳು ಗುಡ್ಡಕ್ಕಿಂತ, ಬಡಾವಣೆಗಿಂತ ಎಷ್ಟೋ ಮೇಲು. ಕಾಡುಮರ ಕಡಿದು ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಟ್ಟಾಗ, ಇಳಿಜಾರಿನ ಬುಡವನ್ನು ಜೆಸಿಬಿಯಿಂದ ಕಡಿದು ರಸ್ತೆಯನ್ನೋ ಹೋಂಸ್ಟೇಯನ್ನೋ ಮಾಡಿದಾಗ, ಕಣಿವೆಯ ಭತ್ತದ ಗದ್ದೆಯನ್ನು ಮಣ್ಣು ತುಂಬಿ ಸೈಟು ಮಾಡಿದಾಗ ಮಾತು ಬದಲಾಗುತ್ತದೆ. ಮಳೆಗಾಲದ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಳ್ಳುತ್ತಿದ್ದ ಆ ಗದ್ದೆಗಳೇ ಕೊಡಗಿನ ಕೆರೆಗಳು ಎಂದರೂ ಸಲ್ಲುತ್ತದೆ. 2018ರ ಆಗಸ್ಟಿನ ಭೂಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಅತಿಮಳೆಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಬದಲಾಯಿಸಿದ್ದನ್ನು ಎತ್ತಿ ಹೇಳಿತ್ತು.

ಬೇಸಿಗೆಯ ತೋಡಿನ ಬಗ್ಗೆ ಇನ್ನೂ ಎರಡು ಮಾತು. ಕಾಫಿಯ ಹೂ ಅರಳಿಸುವ ಹೂಮಳೆ ತಡವಾದರೆ ಫೆಬ್ರವರಿ-ಮಾರ್ಚಿನಲ್ಲಿ ಎಲ್ಲ ತೋಟಗಳಲ್ಲಿಯೂ ಒಂದೇ ವಾರದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತದೆ, ಅದಕ್ಕೆಲ್ಲ ನೀರು ತೋಡಿನದು. ಒಂದು ಕಣಿವೆಯ ಬೆಳೆಗಾರರು ಕೂಡಿ ಸರದಿ ಮಾಡಿಕೊಂಡರೆ, ಮಳೆಗಾಲದಲ್ಲಿಯೇ ತೋಟದ ಕೆರೆ ತುಂಬಿಸಿಕೊಂಡರೆ, ಕೆಳಗಿನವರಿಗೆ ತೊಟ್ಟು ನೀರಾದರೂ ಉಳಿಯುತ್ತದೆ. ಎರಡನೆಯದು ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ತೋಡು ದಿನೇ ದಿನೇ ಸಣ್ಣದಾಗುವ ಹೊತ್ತಿನಲ್ಲಿಯೇ ಹಣ್ಣಿನ ಸಿಹಿ ಲೋಳೆ ಸೇರಿದ ಈ ನೀರು ಹೊರಬರುತ್ತದೆ. ಆಗಸ್ಟಿನ ಪ್ರವಾಹದಲ್ಲಿ ಗುರುತೂ ಸಿಗದ ಕೊಳೆ ಜನವರಿಯಲ್ಲಿ ಇಡೀ ತೋಡಿನ ಆಮ್ಲಜನಕವನ್ನು ನುಂಗಿಹಾಕುತ್ತದೆ. ಅದನ್ನು ಹೊಂಡಗಳಲ್ಲಿ ತಡೆದು, ಸುಣ್ಣದಿಂದ ಹುಳಿ ಕಳೆದು, ಶುದ್ಧೀಕರಿಸಿ ತೋಟಕ್ಕೇ ಬಳಸಬೇಕು. ಈ ಒಂದು ವಿಷಯದಲ್ಲಿ ಬೆಳೆಗಾರರ ಪರವಾಗಿ ನಾನು ಯಾವ ವಾದವನ್ನೂ ಮಾಡಲಾರೆ.

ಪ್ರಶ್ನೆ: ತುಂಗಭದ್ರಾ ಜಲಾಶಯದ ಹೂಳು ತೆಗೆಯಲು ಸರ್ಕಾರಕ್ಕೆ ಏನು ಕಷ್ಟ? (ಗಂಗಾವತಿಯ ಓದುಗರು)

ಉತ್ತರ: 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಕಳೆದುಹೋದ 28 ಟಿಎಂಸಿಯಷ್ಟು ಹೂಳನ್ನು ತಲಾ ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರುಗಳಲ್ಲಿ ಸಾಗಿಸಲು ಸುಮಾರು ಎಂಟು ಕೋಟಿ ಸಲ ಓಡಾಡಬೇಕು. ಸುರಿಯಲು ಜಾಗ ಹುಡುಕುವುದು ಬೇರೆ. ಆ ಮಣ್ಣು ಹೊರಟದ್ದು ಮೇಲಿನ ಹೊಲ, ಕಡಿದ ಕಾಡು, ಗಣಿಗಳಿಂದ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಅದಿರು ಗಣಿ 2005ರ ಕೊನೆಗೆ ನಿಂತದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಹೊಲದ ಬದು ಮತ್ತು ಹಳ್ಳದ ದಂಡೆಯ ಹಸಿರು ಪಟ್ಟಿಗೆ ಖರ್ಚು ಮಾಡಿದ ಹಣವೇ ನಿಮ್ಮ ಜಲಾಶಯಕ್ಕೆ ಖರ್ಚು ಮಾಡಿದ ಹಣ.

ಪ್ರಶ್ನೆ: ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮೂರ ಹಳ್ಳದ ಹರಿವನ್ನು ಮಕ್ಕಳಿಂದ ಅಳೆಸಬಹುದೇ? ದುಬಾರಿ ಉಪಕರಣಗಳು ಬೇಕೇ?

ಉತ್ತರ: ಅಳತೆಯ ಟೇಪು, ಒಂದು ಕೋಲು, ಕೈಗಡಿಯಾರ, ಒಂದು ನಿಂಬೆಹಣ್ಣು ಸಾಕು. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಗುರುತು ಹಾಕಿ. ನೀರಿನ ಅಗಲವನ್ನೂ, ಅಡ್ಡಕ್ಕೆ ನಾಲ್ಕೈದು ಕಡೆ ಕೋಲು ಊರಿ ಸರಾಸರಿ ಆಳವನ್ನೂ ಬರೆದುಕೊಳ್ಳಿ. ಮೇಲಿನ ಗುರುತಿನಲ್ಲಿ ಬಿಟ್ಟ ನಿಂಬೆಹಣ್ಣು ಕೆಳಗಿನ ಗುರುತು ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಮೂರು ಸಲ ನೋಡಿ. ಅಗಲ 2 ಮೀಟರ್, ಆಳ 0.3 ಮೀಟರ್, ಕಾಲ 20 ಸೆಕೆಂಡು ಎಂದಿಟ್ಟುಕೊಳ್ಳಿ: ವೇಗ ಸೆಕೆಂಡಿಗೆ ಅರ್ಧ ಮೀಟರ್, ಮೂರನ್ನೂ ಗುಣಿಸಿದರೆ 0.3 ಘನ ಮೀಟರ್. ಮೇಲ್ಪದರದ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಅದನ್ನು 0.8ರಿಂದ ಗುಣಿಸಿ, ಸೆಕೆಂಡಿಗೆ 240 ಲೀಟರ್ ಎಂದಾಯಿತು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಅಳೆಯಿಸಿ. ಅದರ ಜೊತೆ ನೀರಿನ ಬಿಸಿ, ಗಾಜಿನ ಲೋಟದಲ್ಲಿ ಕಾಣುವ ಬಣ್ಣ, ಹತ್ತಿರದ ಎರಡು ಬಾವಿಗಳ ನೀರಿನ ಮಟ್ಟ, ಬೆಳಿಗ್ಗೆ 8.30ಕ್ಕೆ ಓದಿದ ಹಿಂದಿನ ದಿನದ ಮಳೆ ಇವನ್ನೂ ಬರೆಸಿ. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಅಂಕಿಗಳು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದಲೂ ಸಿಗುತ್ತವೆ, ತಾಳೆ ನೋಡಬಹುದು. ಹಳ್ಳ ಕೆಂಪಾಗಿ ಉಕ್ಕಿ ಹರಿಯುವ ದಿನ ಮಾತ್ರ ಯಾವ ಮಗುವೂ ನೀರಿಗಿಳಿಯಕೂಡದು. ಆ ದಿನ ಸೇತುವೆಯ ಕಂಬಕ್ಕೆ ಮೊದಲೇ ಬಳಿದಿಟ್ಟ ಅಳತೆಯ ಗೆರೆಯನ್ನು ದಂಡೆಯಿಂದ ಓದಿದರೆ ಸಾಕು. ಎರಡು ಮಳೆಗಾಲದ ಲೆಕ್ಕ ಕೂಡಿದ ಮೇಲೆ ಆ ಪುಸ್ತಕದ ಒಂದು ಪ್ರತಿಯನ್ನು ದಯವಿಟ್ಟು ನಮಗೂ ಕಳುಹಿಸಿ, ಇದೇ ಪುಟದಲ್ಲಿ ಅದನ್ನು ಓದುಗರೊಡನೆ ಕೂತು ಓದೋಣ.